ಅಮ್ಮನಿಗೆ ಹೇಳುತ್ತಿದ್ದ ಮನೆ

ಮನೆ ನೋಡುವುದೇ ನನ್ನ ಕೆಲಸ. ಹಿಡಿಯುವುದಲ್ಲ, ನೋಡಿ ಬರುವುದು ಅಷ್ಟೇ.

ನಮ್ಮ ಸಂಘ ಇರುವುದು ಒಂದು ಹಳೇ ಲಾಂಡ್ರಿ ಅಂಗಡಿಯಲ್ಲಿ. ಗೋಡೆಗಳು ಇವತ್ತಿಗೂ ಸೋಪಿನ ವಾಸನೆ ಬಿಟ್ಟುಕೊಟ್ಟಿಲ್ಲ. ಹೊಳೆ ಉಕ್ಕಿ ಕೆಳಗಿನ ಬೀದಿಗಳಿಗೆ ನೀರು ನುಗ್ಗಿದಾಗ ಕಂಬಳಿ ಹಂಚಿದವರು ನಾವೇ. ಸೋರುವ ಸೂರು ರಿಪೇರಿ ಮಾಡಿಸುವವರೂ ನಾವೇ. ಜೊತೆಗೆ ಇದೊಂದು ಕೆಲಸ: ಬಾಡಿಗೆಗಿದೆ ಎಂದು ಬೋರ್ಡು ತೂಗುವ ಮನೆಗೆ ಮೊದಲು ಕಪ್ಪು ಬಣ್ಣದ ನಾನು ಹೋಗುತ್ತೇನೆ, ಸ್ವಲ್ಪ ಹೊತ್ತು ಬಿಟ್ಟು ಬಿಳಿ ಬಣ್ಣದ ಹಾಲಣ್ಣ ಹೋಗುತ್ತಾನೆ. ಇಬ್ಬರೂ ಹೇಳುವುದು ಒಂದೇ ಕತೆ: ಕೆಲಸವಿದೆ, ಇರುವವರು ನಾನು ಮತ್ತು ಅಮ್ಮ ಇಬ್ಬರೇ. ಈಗಷ್ಟೇ ಬೇರೆಯವರಿಗೆ ಕೊಟ್ಟುಬಿಟ್ಟೆವು ಎಂದು ನನಗೆ ಹೇಳಿದವರು ಹಾಲಣ್ಣನಿಗೆ ನಗುನಗುತ್ತಾ ಬೀಗ ತೆಗೆದರೆ, ಬಣ್ಣ ನೋಡಿ ಮನೆ ಕೊಡುತ್ತಾರೆಂದು ಸಂಘ ಅವರ ಮೇಲೆ ದೂರು ಕೊಡುತ್ತದೆ.

ಹಾಲಣ್ಣ ನಿವೃತ್ತ ಬಸ್ ಡ್ರೈವರ್. ಅವನ ತಾಯಿ ತೀರಿಕೊಂಡು ಎಷ್ಟೋ ಕಾಲವಾಗಿದೆ. ಪಾಪ, ನಮ್ಮ ಕತೆಗಾಗಿ ವಾರವಾರವೂ ಎದ್ದು ಬರುತ್ತಾಳೆ.

ನನ್ನ ಅಮ್ಮ ಮಾತ್ರ ನಿಜ. ಹೊಳೆ ನಮ್ಮ ಮನೆಯನ್ನೂ ಅಮ್ಮನ ಹೊಲಿಗೆ ಯಂತ್ರವನ್ನೂ ಒಯ್ದ ಮೇಲೆ, ಶಾಲೆಯ ಹಾಲ್‌ನಲ್ಲಿ ಸಂಘ ಕೊಟ್ಟ ಮೂಲೆಯಲ್ಲಿ, ಒಂದು ಪರದೆಯ ಹಿಂದೆ ನಮ್ಮ ಸಂಸಾರ. ಊರಿನ ಮನೆಗಳನ್ನೆಲ್ಲ ನೋಡುವವಳಿಗೆ ತಲೆ ಮೇಲೊಂದು ಸೂರಿಲ್ಲ ಎಂದು ನಗುವವರು ನಗಲಿ. ನನಗಂತೂ ಹೊಟ್ಟೆ ಉರಿಯುತ್ತದೆ.

ಸಂಜೆ ನಾನು ಬರುತ್ತಿದ್ದಂತೆ ಅಮ್ಮ ಕಣ್ಣು ಮುಚ್ಚಿಕೊಂಡು ಇವತ್ತು ಯಾವ ಮನೆ ಎಂದು ಕೇಳುತ್ತಿದ್ದಳು. ಬಾಗಿಲಿಗೆ ಅಡ್ಡ ನಿಂತವರ ಹೆಗಲ ಮೇಲಿಂದ ನನಗೆ ಕಂಡದ್ದಿಷ್ಟೇ: ಒಂದು ಕಡೆ ನೀಲಿ ಗೋಡೆ, ಇನ್ನೊಂದು ಕಡೆ ತಿರುವಿನ ಮೆಟ್ಟಿಲು, ಮತ್ತೆಲ್ಲೋ ಬೆಳಕು ಬಿದ್ದ ಸಿಂಕು. ಅದನ್ನೇ ಹೇಳುತ್ತಿದ್ದೆ. ಅಮ್ಮ ಒಂದೊಂದನ್ನೇ ಜೋಡಿಸಿಕೊಂಡು ದೊಡ್ಡದೊಂದು ಮನೆ ಮಾಡಿಕೊಂಡಳು. ಅಲ್ಲಿ ಓಡಾಡತೊಡಗಿದಳು. ಮೆಟ್ಟಿಲ ಹತ್ತಿರ ಎಡವಿದೆ ಎಂದು ಕಾಲು ನೀವಿಕೊಳ್ಳುತ್ತಿದ್ದಳು. ಕೆಲವೊಮ್ಮೆ ಆ ಮನೆಯ ನಲ್ಲಿ ತೊಟ್ಟಿಕ್ಕುವುದು ನನಗೂ ಕೇಳಿಸುತ್ತಿತ್ತು.

ಬರಬರುತ್ತಾ ಹಗಲಲ್ಲೂ ಅಮ್ಮ ಕಣ್ಣು ತೆರೆಯುವುದು ಕಡಿಮೆಯಾಯಿತು. ಊಟಕ್ಕೆ ಕರೆದರೆ ಯಾವುದೋ ಒಳಕೋಣೆಯಿಂದ ಓಗೊಟ್ಟಂತೆ ತಡವಾಗಿ ಓಗೊಡುತ್ತಿದ್ದಳು. ಒಂದು ದಿನ ಅಲ್ಲೇ ಉಳಿದುಬಿಟ್ಟರೆ ಎಂದು ಹೆದರುತ್ತಿದ್ದೆ.

ಹೀಗಿರುವಾಗ ಒಂದು ಬೆಳಗ್ಗೆ ಗಡಿಯಾರ ರಿಪೇರಿಯವಳ ಮನೆಗೆ ಹೋದೆ. ಕೆಳಗೆ ಅಂಗಡಿ, ಮೇಲೆ ಖಾಲಿ ಮನೆ. ಅಂಗಡಿಯ ಒಂದೊಂದು ಗಡಿಯಾರವೂ ತನಗೆ ತೋಚಿದ ಹೊತ್ತು ತೋರಿಸುತ್ತಿತ್ತು. ಅವಳು ಒಂದು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಮಸೂರ ತೆಗೆದು, ನನ್ನನ್ನು ನೋಡಿ, ಮೇಲೆ ಕರೆದೊಯ್ದಳು. ಎರಡು ಕೋಣೆ, ಸಣ್ಣ ಅಡುಗೆಮನೆ, ಪಾರಿವಾಳಗಳು ಕೂತ ಕಿಟಕಿ. ನನ್ನ ಕತೆ ಒಪ್ಪಿಸಿದೆ.

"ಯಾವಾಗ ಬರ್ತೀರಿ?" ಎಂದಳು.

"ಪರವಾಗಿಲ್ಲ ಬಿಡಿ, ಬೇರೆ ಕಡೆ ನೋಡ್ತೀನಿ," ಎಂದು ನಾನು ದಡದಡ ಮೆಟ್ಟಿಲಿಳಿದುಬಿಟ್ಟೆ. ಬಾಯಿಗೆ ರೂಢಿಯಾಗಿದ್ದ ಉತ್ತರ ಅದೊಂದೇ. ಅವಳು ಕೇಳಿದ್ದೇನೆಂದು ತಲೆಗೆ ಹೋಗುವಷ್ಟರಲ್ಲಿ ಬೀದಿಯ ಕೊನೆ ಮುಟ್ಟಿದ್ದೆ. ತಿರುಗಿ ಹೋಗುವಂತೆಯೂ ಇಲ್ಲ. ಹಾಲಣ್ಣ ಆಗಲೇ ಅತ್ತ ಹೊರಟಿದ್ದ. ಮೇಲಾಗಿ, ಪರೀಕ್ಷೆಗೆ ಹೋದ ಮನೆಯನ್ನು ನಮ್ಮವರು ಯಾರೂ ಹಿಡಿಯಬಾರದು, ಮನೆ ಕಸಿಯಲು ದೂರು ಕೊಡುತ್ತಾರೆ ಅನ್ನಿಸಿಕೊಳ್ಳಬಾರದು ಎಂಬ ನಿಯಮವಿತ್ತು. ಮೀಟಿಂಗಿನಲ್ಲಿ ಗಂಟಲು ಹರಿದುಕೊಂಡು ಅದನ್ನು ಮಾಡಿಸಿದವಳು ನಾನೇ.

ಹಾಲಣ್ಣ ಸಂಘಕ್ಕೆ ಬಂದಾಗ ಅವನ ಮುಖ ಹುಳ್ಳಗಾಗಿತ್ತು.

"ನಂಗೆ ಕೊಡಲ್ಲ ಅಂದ್ಳು," ಎಂದ. "ಬೆಳಗ್ಗೆ ಒಬ್ಬಳು ಬಂದಿದ್ಳಂತೆ, ಅಮ್ಮ ಇದ್ದಾರಂತೆ. ಏನೋ ಗಡಿಬಿಡೀಲಿ ಹೋದ್ಳು, ಬಂದೇ ಬರ್ತಾಳೆ, ಅವಳಿಗೇ ಇಟ್ಟಿದ್ದೀನಿ ಅಂದ್ಳು. ಬಾಗಿಲಲ್ಲಿ ನಿಂತು ಕೈ ಎಲ್ಲಿ ಇಟ್ಕೋಬೇಕು ಅಂತ ಗೊತ್ತಾಗ್ಲಿಲ್ಲ ಕಣಮ್ಮ."

ಇಷ್ಟು ಕಾಲ ನನ್ನ ಕೈಗಳಿಗೆ ಆಗುತ್ತಿದ್ದದ್ದೂ ಅದೇ. ನಾನು ಅತ್ತುಬಿಟ್ಟೆ. ದುಃಖಕ್ಕೋ ಖುಷಿಗೋ ಕೇಳಬೇಡಿ.

ಸಂಘ ನಡೆಸುವ ದೊಡ್ಡಕ್ಕ ಬಹಳ ಹೊತ್ತು ಯೋಚಿಸಿ, ದೂರು ಕೊಡುವ ಮನೆಗೆ ನಿಯಮ, ಇಲ್ಲಿ ದೂರೇ ಇಲ್ಲವಲ್ಲ ಎಂದಳು. ಆದರೆ ನೀನು ಯಾಕೆ ಬಂದಿದ್ದೆ ಅನ್ನುವುದನ್ನು ಆಕೆಗೆ ಹೇಳಲೇಬೇಕು, ಕೇಳಿ ಬಾಗಿಲು ಹಾಕಿಕೊಂಡರೆ ಮರುಮಾತಿಲ್ಲದೆ ಬಾ ಎಂದೂ ಹೇಳಿದಳು.

ಹೋದೆ. ಹೇಳಿದೆ. ಗಡಿಯಾರದವಳು ಕೈಯಲ್ಲಿದ್ದ ಚಿಮಟ ಕೆಳಗಿಟ್ಟಳು. ಅವಳ ಮುಖ ಬಾಡಿತು.

"ಅಂದ್ರೆ ನನ್ನ ಮೇಲೆ ಅನುಮಾನ ಇಟ್ಕೊಂಡೇ ಮೆಟ್ಟಿಲು ಹತ್ತಿದ್ರಿ."

"ಹೌದು. ಎಲ್ಲಾರ ಮನೆ ಮೆಟ್ಟಿಲೂ ಹಾಗೇ ಹತ್ತೋದು ನಾವು."

ಸುತ್ತಲೂ ಗಡಿಯಾರಗಳು ಒಂದಕ್ಕೊಂದು ಹೊಂದದೆ ಟಿಕ್‌ಟಿಕ್ ಎನ್ನುತ್ತಿದ್ದವು. ಪರದೆಯ ಹಿಂದೆ ಕಣ್ಣು ಮುಚ್ಚಿ ಕೂತ ಅಮ್ಮ ನೆನಪಾಗಿ, ಅಷ್ಟು ನಿಜ ಹೇಳಬಾರದಿತ್ತೇನೋ ಅನ್ನಿಸಿತು.

"ಅಮ್ಮ ಇರೋದಾದ್ರೂ ನಿಜ ತಾನೆ?" ಎಂದಳು ಕೊನೆಗೆ.

"ನಿಜ."

"ಹಾಗಾದ್ರೆ ಕರ್ಕೊಂಡ್ ಬನ್ನಿ."

ಅಮ್ಮ ನನ್ನ ಮೊಣಕೈ ಹಿಡಿದು, ಕಣ್ಣು ಮುಚ್ಚಿಕೊಂಡೇ ಮೆಟ್ಟಿಲು ಹತ್ತಿದಳು. ಇದೂ ನಾನು ಸಂಜೆ ಹೇಳುವ ಮನೆಯೇ ಎಂದುಕೊಂಡಿದ್ದಳು. ಅಡುಗೆಮನೆಗೆ ಬಂದು ಅತ್ತಿತ್ತ ತಡವರಿಸಿ ಹುಬ್ಬು ಗಂಟಿಕ್ಕಿದಳು.

"ಇಷ್ಟು ಚಿಕ್ಕದು ಮಾಡ್ಬಿಟ್ಯಲ್ಲೇ. ಮೊನ್ನೆ ದೊಡ್ಡದಿತ್ತು. ಸ್ವಲ್ಪ ಬದಲಾಯಿಸಿ ಹೇಳು."

"ಆಗಲ್ಲಮ್ಮ," ಎಂದೆ. "ಇದನ್ನ ನಾನು ಹೇಳ್ತಾ ಇಲ್ಲ."

ಅಮ್ಮ ಕೈ ಚಾಚಿದಳು. ಕೈ ಗೋಡೆಗೆ ತಾಗಿ ನಿಂತಿತು. ಒಮ್ಮೆ ಒತ್ತಿ ನೋಡಿದಳು. ಇನ್ನೊಮ್ಮೆ ಒತ್ತಿದಳು. ಆಮೇಲೆ ಮೆಲ್ಲಗೆ ಕಣ್ಣು ಬಿಟ್ಟಳು.