ಕಾಶಿನಾಥರು ಒಪ್ಪಿದ ಸ್ಲ್ಯಾಬ್

ಗೋಡೆಗೆ ಆನಿಸಿ ಕೂರಿಸಿದ್ದ ಕಾಶಿನಾಥರ ತಲೆ ಮತ್ತೆ ಬಲಕ್ಕೆ ವಾಲಿತು. ಅವರ ತಮ್ಮ ಅಂಬಣ್ಣ, ತಲೆ ನಿಲ್ಲಲೆಂದು, ಗದ್ದದ ಕೆಳಗಿಂದ ಬಿಳಿ ಬಟ್ಟೆ ತಂದು ಕಿಟಕಿಯ ಸರಳಿಗೆ ಬಿಗಿಯುತ್ತಿದ್ದ. ಪಕ್ಕದಲ್ಲಿ ಬೇರೆ ಯಾರೂ ಇಲ್ಲದ್ದರಿಂದ ತಾರಾ ಎರಡೂ ಕೈಯಿಂದ ಆ ತಲೆಯನ್ನು ನೆಟ್ಟಗೆ ಹಿಡಿದುಕೊಂಡಿದ್ದಳು.

"ಜೀವ ಇದ್ದಾಗೂ ಹಿಂಗ ನೋಡ್ರಿ," ಅಂದ ಅಂಬಣ್ಣ, ಕಣ್ಣೊರೆಸಿಕೊಳ್ಳುತ್ತ. "ಒಂದಕ್ಕೂ ಹೂಂ ಅಂತ ಗೋಣು ಹಾಕಿದಾಂವ ಅಲ್ಲ."

ಬಾಗಿಲಲ್ಲಿ ನಿಂತಿದ್ದವರಲ್ಲಿ ಯಾರೋ ನಕ್ಕು, ನಕ್ಕಿದ್ದಕ್ಕೆ ನಾಚಿ ಸುಮ್ಮನಾದರು. ತೆಲುಗು ನಾಡಿನ ಆ ಮಹಾನಗರದಲ್ಲಿ, ತಾರ್ನಾಕದ ಆ ಬಾಡಿಗೆ ಮನೆಯಲ್ಲಿ ಹತ್ತು ಜನ ನಿಂತರೆ ಉಸಿರಾಡುವುದು ಕಷ್ಟ. ಹಿಂದಿನ ಸಂಜೆ ಕಟ್ಟಡದ ಸೈಟಿನಿಂದ ಬಂದು ಊಟಕ್ಕೆ ಕೂತ ಕಾಶಿನಾಥರು ಎದೆ ಹಿಡಿದುಕೊಂಡು ಹಾಗೇ ಒರಗಿದ್ದರು. ಸೇಡಂ ಕಡೆಯ ನೆಂಟರು ಬೆಳಗಾಗುವಷ್ಟರಲ್ಲಿ ಬಂದು ತಲುಪಿದ್ದರು.

ಉಡುಪಿಯ ಹುಡುಗಿ ತಾರಾ, ಕಾಶಿನಾಥರ ಕೈಕೆಳಗೆ ಕೆಲಸ ಕಲಿತವಳು. ಅವರ ಕಂಪನಿ ಕಟ್ಟಡಗಳ ನಕ್ಷೆ ಮಾಡುತ್ತಿತ್ತು, ಕಟ್ಟುವವರು ಬೇರೆ. ಕಟ್ಟಿದ್ದು ನಕ್ಷೆಯಲ್ಲಿದ್ದಂತೆಯೇ ಇದೆಯೋ ಇಲ್ಲವೋ ಎಂದು ನೋಡುವುದು ಕಾಶಿನಾಥರ ಕೆಲಸ. ನಕ್ಷೆ ಬರೆದವರಿಗೆ ಹೆಸರು ಬಂತು, ಕಟ್ಟಿದವರಿಗೆ ದುಡ್ಡು ಬಂತು, ನಡುವೆ ನಿಂತು ಇದು ಸರಿಯಿಲ್ಲ ಅನ್ನುವವರಿಗೆ ಎರಡೂ ಕಡೆಯಿಂದ ಬೈಗುಳ ಬಂತು. ಸಾಫ್ಟ್‌ವೇರ್ ಕಂಪನಿಗಳು ಗೋಡೆ ಏಳುವ ಮೊದಲೇ ಬಾಡಿಗೆಗೆ ಒಪ್ಪಂದ ಮಾಡಿಕೊಳ್ಳುತ್ತಿದ್ದ ಕಾಲ ಅದು, ಯಾರಿಗೂ ಪುರುಸೊತ್ತಿರಲಿಲ್ಲ. ತಡ ಮಾಡಿಸುತ್ತಾನೆ ಎಂಬ ಒಂದೇ ದೂರಿಗೆ ಕಾಶಿನಾಥರನ್ನು ಸೈಟಿನಿಂದ ಸೈಟಿಗೆ ಎತ್ತಂಗಡಿ ಮಾಡುತ್ತಲೇ ಇದ್ದರು.

ಗೇಟಿನ ಬಳಿ ಗೋಪಿನಾಥ ಹಾರ ಹಿಡಿದು ನಿಂತಿದ್ದ. ಕಾಶಿನಾಥರು ಈಗ ನೋಡಿಕೊಳ್ಳುತ್ತಿದ್ದ ಗಚ್ಚಿಬೌಲಿಯ ಕಟ್ಟಡದ ಗುತ್ತಿಗೆದಾರರ ಎಂಜಿನಿಯರು. ಹಾರ ಹಾಕಿ, ಕೈಮುಗಿದು, ಸಾಕಷ್ಟು ಹೊತ್ತು ತಲೆತಗ್ಗಿಸಿ ನಿಂತ ಮೇಲೆ ತಾರಾಳ ಹತ್ತಿರ ಬಂದ. ಕೆಟ್ಟ ಮನುಷ್ಯನಲ್ಲ, ಅವನ ಮೇಲೂ ಮಾಲೀಕರಿದ್ದರು. ಮೂರನೇ ಮಹಡಿಯ ಸ್ಲ್ಯಾಬಿಗೆ ಮಧ್ಯಾಹ್ನ ಕಾಂಕ್ರೀಟ್ ಹಾಕಬೇಕು, ಮಿಕ್ಸರ್ ಲಾರಿಗಳಿಗೆ ಹೇಳಿಯಾಗಿದೆ, ನಿನ್ನೆ ಸಂಜೆ ಸರ್ ಫೋನಿನಲ್ಲಿ ಒಪ್ಪಿದ್ದರು, ಒಪ್ಪಿಗೆಯ ಸಹಿ ಒಂದು ಬಾಕಿ, ಮೇಡಂ ಹಾಕಿಬಿಟ್ಟರೆ ಮುಗಿಯಿತು ಎಂದು ತಗ್ಗಿದ ದನಿಯಲ್ಲಿ ಹೇಳಿದ.

ಇನ್ನು ಆ ಸೈಟು ನಿನ್ನದು ಎಂದು ಆಫೀಸಿನವರೂ ಬೆಳಿಗ್ಗೆಯೇ ಫೋನು ಮಾಡಿದ್ದರು. ತಾರಾಳಿಗೆ ಮೈ ಉರಿಯಿತು. ಸತ್ತವರು ಬಂದು ಇಲ್ಲ ಅನ್ನುವುದಿಲ್ಲವೆಂದು ಇವನು ಅವರ ಬಾಯಿಗೆ ಮಾತು ತುರುಕುತ್ತಿದ್ದಾನೆ ಅನ್ನಿಸಿತು. ಮಣ್ಣು ಮಾಡುವುದು ಮುಗಿಯಲಿ, ಆಮೇಲೆ ಬರುತ್ತೇನೆ ಅಂದಳು.

* * *

ಅದೇ ಸ್ಲ್ಯಾಬನ್ನು ಕಾಶಿನಾಥರು ಆ ವಾರದಲ್ಲೇ ಎರಡು ಸಲ ತಿರಸ್ಕರಿಸಿದ್ದರು. ಅದರಿಂದ ಹೊರಕ್ಕೆ ಚಾಚಿದ ಬಾಲ್ಕನಿಗೆ ಕೆಳಗೆ ಕಂಬವಿರುವುದಿಲ್ಲ, ಅದನ್ನು ಹಿಡಿದಿಡುವುದು ಕಾಂಕ್ರೀಟಿನ ಮೇಲ್ಭಾಗದಲ್ಲಿರುವ ಕಬ್ಬಿಣದ ಸರಳುಗಳು. ಆಳುಗಳು ಓಡಾಡಿ ತುಳಿದು ಆ ಸರಳುಗಳು ಕೆಳಗಿಳಿದಿದ್ದವು. ಹಾಗೇ ಕಾಂಕ್ರೀಟ್ ಹಾಕಿದರೆ ನೋಡುವುದಕ್ಕೆ ಏನೂ ವ್ಯತ್ಯಾಸವಿಲ್ಲ, ಎಂದೋ ಒಂದು ದಿನ ಜನ ನಿಂತಾಗ ಬಾಲ್ಕನಿ ಕಳಚಿಕೊಳ್ಳುತ್ತದೆ.

ಅವರು ಕೂಗಾಡುವವರಲ್ಲ. ತಲೆಕೆಳಗು ಮಾಡಿದ ಬಕೆಟ್ಟಿನ ಮೇಲೆ ಕೂತು ನೋಡಿದ್ದನ್ನು ಬರೆಯುತ್ತಿದ್ದರು. ಕೆಟ್ಟ ಕೆಲಸ ಎಂದು ತಾರಾ ಬರೆದಿದ್ದನ್ನು ಹೊಡೆದುಹಾಕಿಸಿದ್ದರು.

"ಕೆಟ್ಟದ್ದು ಅಂತ ಬರದ್ರ ಜಗಳ ಆಕ್ಕತಿ. ಎಲ್ಲಿ, ಏನು ಕಂಡಿ, ಅಷ್ಟ ಬರಿ. ಕಣ್ಣಿಲೆ ನೋಡದ ಯಾವುದಕ್ಕೂ ಹೂಂ ಅನಬ್ಯಾಡ. ನಾನ ಹೇಳಿದ್ರೂ ಅನಬ್ಯಾಡ."

ಆಗ ಅದು ತಮಾಷೆಯ ಮಾತಿನಂತಿತ್ತು.

* * *

ರುದ್ರಭೂಮಿಯಲ್ಲಿ ತೋಡಿದ ಗುಣಿಯ ಒಳಬದಿಗೆ ಕೊರೆದ ಗೂಡಿನಲ್ಲಿ ಅವರನ್ನು ಪದ್ಮಾಸನ ಹಾಕಿಸಿ ಕೂರಿಸಿದರು. ಎಡ ಅಂಗೈಯಲ್ಲಿ ಲಿಂಗ, ಸುತ್ತಲೂ ವಿಭೂತಿ, ಬಿಲ್ವಪತ್ರಿ. ಎಲ್ಲರೂ ಮಣ್ಣು ಹಾಕಿದರು, ತಾರಾಳೂ ಹಾಕಿದಳು. ಅಳು ಬರಲಿಲ್ಲ, ಎಲ್ಲಿಯಾದರೂ ಮಲಗಿಬಿಡಬೇಕು ಅನ್ನಿಸುವಂಥ ಸುಸ್ತು.

ಕಾಶಿನಾಥರ ಹೆಂಡತಿ ಗದಿಗೆಮ್ಮ ಬೇವಿನ ಮರದ ಬುಡದಲ್ಲಿ ಕೂತಿದ್ದರು. ತಾರಾ ಹತ್ತಿರ ಕೂತು, ನಿನ್ನೆ ಸಂಜೆ ಸೈಟಿನಿಂದ ಫೋನೇನಾದರೂ ಬಂದಿತ್ತೇ ಎಂದು ಕೇಳಿದಳು. ಇಲ್ಲ ಅನ್ನಲಿ ಎಂದು ಮನಸ್ಸು ಬೇಡಿಕೊಳ್ಳುತ್ತಿತ್ತು.

"ಬಂದಿತ್ತವ್ವಾ. ಬಿಟ್ಟೂ ಬಿಡದ ಬರಾಕತ್ತಿತ್ತು. ಬೂಟೂ ಬಿಚ್ಚಿರಲಿಲ್ಲ ಅವರು, ಭಾಳ ದಣದಿದ್ರು. ಕಬ್ಬಿಣ ಎಲ್ಲಾ ಮ್ಯಾಲ ಎತ್ತಿಸೀವಿ ಅಂತ ಆ ಕಡಿಯಾಂವ ಅಂದಿರಬೇಕು. ನೀವು ನೋಡೀರಿಲ್ಲೋ, ಹಾಕ್ಕೋರಿ, ನನಗ ಬರಾಕ ಆಗೂದಿಲ್ಲ ಅಂದ್ರು." ಗದಿಗೆಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ನನಗ ಖುಷಿ ಆತು. ಒಮ್ಮೆರ ಬಿಟ್ಟುಕೊಟ್ರಲ್ಲ ಅಂತ, ಬಿಸಿ ರೊಟ್ಟಿ ಮಾಡಿ ಹಾಕಿದೆ."

ಗೋಪಿನಾಥ ಸುಳ್ಳು ಹೇಳಿರಲಿಲ್ಲ. ಈಗ ತಾರಾ ಆಗುವುದಿಲ್ಲ ಅಂದರೆ ಕಾಶಿನಾಥರು ನೋಡದೆ ಒಪ್ಪಿದ್ದರು ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತದೆ. ಸಹಿ ಹಾಕಿದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ಗದಿಗೆಮ್ಮನಿಗೂ ಅದು ಹೊಳೆಯಿತು. ತಾರಾಳ ಮೊಣಕೈ ಹಿಡಿದುಕೊಂಡರು.

"ಅವರು ಆಡಿದ ಕಡೀ ಮಾತವ್ವಾ ಅದು. ಸುಳ್ಳು ಮಾಡಬ್ಯಾಡ."

ನೋಡಿ ಬರುತ್ತೇನೆ ಅಂದಳು ತಾರಾ. ಸ್ನಾನ ಮಾಡದೆ ಹೇಗೆ ಹೋಗಲಿ ಎಂದೂ ತಡವರಿಸಿದಳು. ತಮ್ಮಲ್ಲಿ ಸೂತಕವಿಲ್ಲ, ಕೈಕಾಲು ತೊಳೆದುಕೊಂಡು ಹೋಗು ಎಂದು ಗದಿಗೆಮ್ಮ ಮುಖ ತಿರುಗಿಸಿಕೊಂಡರು.

* * *

ಊರಿನ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಬಿಸಿಲು ಇಳಿಮುಖವಾಗಿತ್ತು. ಕಟ್ಟಡದ ಮುಂದೆ ಮಿಕ್ಸರ್ ಲಾರಿಗಳು ಡ್ರಮ್ಮು ತಿರುಗಿಸುತ್ತ ಸಾಲಾಗಿ ನಿಂತಿದ್ದವು. ಯಾದಗಿರಿ ಕಡೆಯ ಮೇಸ್ತ್ರಿ ಹುಲಗೇಶ ಎದುರು ಬಂದು, ಮಣ್ಣು ಆತೇನ್ರೀ ಎಂದು ಕೇಳಿ, ತಲೆಯ ಟವೆಲು ತೆಗೆದ.

ಏಣಿಯಿಂದ ಹತ್ತಿಬರುವಲ್ಲಿ, ಕಣ್ಣಿಗೆ ಬೀಳುವಲ್ಲಿ, ಸರಳುಗಳು ಚೆನ್ನಾಗಿಯೇ ಎದ್ದು ನಿಂತಿದ್ದವು. ತಾರಾ ಹಲಗೆಯ ಮೇಲೆ ಹುಷಾರಾಗಿ ಹಿಂಬದಿಯ ಬಾಲ್ಕನಿಗೆ ನಡೆದಳು. ಮಂಡಿಯೂರಿ ಸರಳಿನ ಕೆಳಗೆ ಬೆರಳು ತೂರಿಸಲು ನೋಡಿದಳು. ಹೋಗಲಿಲ್ಲ. ಅಲ್ಲಿ ಯಾರೂ ಏನನ್ನೂ ಎತ್ತಿರಲಿಲ್ಲ. ಸರಿಯಾಗಿರಲಿ ದೇವರೇ ಎಂದು ದಾರಿಯುದ್ದಕ್ಕೂ ಹರಕೆ ಹೊತ್ತುಕೊಂಡು ಬಂದಿದ್ದಳು.

ಗೋಪಿನಾಥ ಹಿಂದೆಯೇ ಬಂದಿದ್ದ. ಆಳುಗಳಿಗೆ ಹೇಳಿದ್ದೆ, ಮಾಡಿದ್ದಾರೆ ಅಂದುಕೊಂಡೆ ಎಂದು ಗೊಣಗಿದ. ಈಗ ನಿಲ್ಲಿಸಿದರೆ ಲಾರಿಯಲ್ಲಿರುವ ಮಾಲೆಲ್ಲ ಹಾಳು, ಅಲ್ಲದೆ ಇದು ಸರ್ ಆಡಿದ ಮಾತು, ಅವರ ಮಾತಿಗೆ ಬೆಲೆಯಿಲ್ಲವೇ ಎಂದ.

"ಸರ್ ಹೇಳಿದ್ದು ನಿಜ," ಅಂದಳು ತಾರಾ, ತನ್ನ ಅರೆಬರೆ ತೆಲುಗಿನಲ್ಲಿ. "ಆದರೆ ನೋಡಿ ಹೇಳಲಿಲ್ಲ. ಇವತ್ತು ಹಾಕುವುದು ಬೇಡ."

ಗೋಪಿನಾಥ ವಾದಿಸಲಿಲ್ಲ. ಅವನೂ ದಣಿದಿದ್ದ. ಕೆಳಕ್ಕೆ ಬಗ್ಗಿ ನೋಡಿ, ವಾಪಸು ಹೋಗಿ ಎಂದು ಡ್ರೈವರುಗಳಿಗೆ ಕೈಬೀಸಿದ.

ಅಷ್ಟರಲ್ಲಿ ಗದಿಗೆಮ್ಮನ ಫೋನು ಬಂತು.

"ಹಾಕಾಕತ್ತಾರೇನವ್ವಾ?"

"ಇಲ್ಲ ಆಂಟಿ. ನಾನು ಬೇಡ ಅಂದೆ."

ಆಚೆಯಿಂದ ಪಾತ್ರೆಗಳ ಸದ್ದು, ಯಾರೋ ಅಂಬಣ್ಣನನ್ನು ಊಟಕ್ಕೆ ಕರೆಯುವುದು ಕೇಳಿಸುತ್ತಿತ್ತು.

"ನೀನೂ ಅವರಂಗ ಆಗಬ್ಯಾಡವ್ವಾ," ಅಂದರು ಗದಿಗೆಮ್ಮ. ಬೈಗುಳದ ದನಿಯಲ್ಲ, ಸೋತ ದನಿ. "ಉಣ್ಣಾಕ ಬಾ."

ಫೋನು ಕಿವಿಗಿಟ್ಟುಕೊಂಡೇ ತಾರಾ ಕೆಳಗೆ ನೋಡಿದಳು. ಮೊದಲ ಲಾರಿ ಹಿಂದಕ್ಕೆ ಸರಿಯುತ್ತ ಪಕ್ಕದ ಖಾಲಿ ಜಾಗಕ್ಕೆ ಹೋಗಿ ಹೊಟ್ಟೆ ಬರಿದು ಮಾಡಿಕೊಳ್ಳತೊಡಗಿತು. ಕಾಂಕ್ರೀಟು ಒಣಹುಲ್ಲು, ಕಲ್ಲು, ಯಾರೋ ಬಿಟ್ಟುಹೋದ ಹರಿದ ಚಪ್ಪಲಿ ಎಲ್ಲದರ ಮೇಲೂ ಹರಿದು, ಯಾವ ಆಕಾರವೂ ಇಲ್ಲದೆ, ಬಿದ್ದಲ್ಲೇ ಗಟ್ಟಿಯಾಗುತ್ತಿತ್ತು.