ದಾಳ ಹಾಕುವ ಮೊದಲು

ತಪ್ಪು ನನ್ನದಲ್ಲ ಎಂದು ಸಾಬೀತು ಮಾಡಲಿಕ್ಕೇ ನಾನು ನಿಯಮದ ಪುಸ್ತಕ ಬಿಚ್ಚಿದ್ದು.

ವಿಟ್ಲದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಶುಕ್ರವಾರ ಜುಮಾ ನಮಾಜು ಮುಗಿಸಿ ಬಂದು, ಮೇಜಿನ ಮೇಲೆ ಚೌಕುಳಿ ಹಾಳೆ ಹಾಸಿ, ಹೆಬ್ಬೆರಳಿನಷ್ಟು ದೊಡ್ಡ ಬಾಹ್ಯಾಕಾಶ ಹಡಗುಗಳನ್ನು ಜೋಡಿಸುತ್ತಿದ್ದೆ. ನಲವತ್ತು ದಾಟಿದವನಿಗೆ ಇದೆಂಥ ಯುದ್ಧ ಎಂದು ನಗುವವರು ನಗಲಿ. ವಾರವಿಡೀ ನಾನು ಕಾಯುತ್ತಿದ್ದದ್ದು ಆ ಎರಡು ಗಂಟೆಗೆ. ಎದುರಾಳಿ ಬೆಳ್ತಂಗಡಿಯ ಭವಿತ್. ಮೊದಲು ಇದೇ ಮೇಜಿನ ಆಚೆ ಕೂತು ಆಡುತ್ತಿದ್ದ. ಮಸ್ಕತ್ತಿನ ಹೋಟೆಲಿಗೆ ಸೇರಿದ ಮೇಲೆ ವೀಡಿಯೋ ಕಾಲಿನಲ್ಲಿ ನಡೆ ಹೇಳುತ್ತಿದ್ದ. ಹಡಗು ಸರಿಸುವವನೂ ಇಬ್ಬರ ದಾಳ ಹಾಕುವವನೂ ನಾನೇ.

ಹೊಡೆತಕ್ಕೆ ಗುರಿಯಾದ ಹಡಗಿಗೆ ಸುತ್ತಿಗೊಂದು ‘ತಡೆ’ ಇರುತ್ತದೆ. ಕವಚ ಎತ್ತಬಹುದು, ಇಲ್ಲವೇ ಪಕ್ಕಕ್ಕೆ ಜಾರಬಹುದು. ಆದರೆ ಅದನ್ನು ದಾಳ ಬೀಳುವ ಮೊದಲೇ ಹೇಳಬೇಕು.

ಎರಡು ತಿಂಗಳ ಹಿಂದೆ ಅವನ ತಾಯಿಹಡಗಿಗೆ ಗುರಿಯಿಟ್ಟೆ. ಆರು ಬಿತ್ತು, ನೇರ ಹೊಡೆತ. ಆಮೇಲೆ ಫೋನಿನಲ್ಲಿ “ಕವಚ!” ಎಂದು ಕೇಳಿಸಿತು.

“ತಡವಾಯ್ತು,” ಅಂದೆ.

“ನಾನು ಮೊದಲೇ ಹೇಳಿದ್ದೇನೆ ಮಾರಾಯ. ಇಲ್ಲಿಂದ ಮಾತು ನಿನ್ನಲ್ಲಿಗೆ ಬರುವಾಗ ಲೇಟ್ ಆಗ್ತದೆ.”

“ರೂಲ್ ಅಂದ್ರೆ ರೂಲ್.”

ಹಡಗನ್ನು ಎತ್ತಿ ಡಬ್ಬಿಗೆ ಹಾಕಿದೆ. ಅವನು ಕಾಲ್ ಕಟ್ ಮಾಡಿದ.

ಮುಂದಿನ ಶುಕ್ರವಾರ ಅವನು ಫೋನ್ ಮಾಡಲಿಲ್ಲ. ನಾನೇಕೆ ಮಾಡಲಿ? ಎರಡೂ ಕಡೆ ನಾನೇ ಆಡಿದೆ. ಎರಡೂ ಕಡೆಯ ಮನಸ್ಸು ಗೊತ್ತಿರುವ ಆಟದಷ್ಟು ದರಿದ್ರದ್ದು ಇನ್ನೊಂದಿಲ್ಲ. ಆರನೇ ವಾರ ತಡೆಯಲಾಗಲಿಲ್ಲ. ಆ ನಿಯಮದ ಫೋಟೋ ತೆಗೆದು ಅವನ ಮುಖಕ್ಕೆ ಹಿಡಿಯುವ ಎಂದು ಪುಟ ಹುಡುಕಿದೆ.

ಅದರ ಮೇಲಿನ ಸಾಲಿನಲ್ಲೇ ಇತ್ತು: ದಾಳ ಹಾಕುವವನು ಮೊದಲು ‘ತಡೆ ಇದೆಯೇ?’ ಎಂದು ಕೇಳಬೇಕು, ಉತ್ತರಕ್ಕೆ ಕಾಯಬೇಕು.

ನಾನು ಒಮ್ಮೆಯೂ ಕೇಳಿದವನಲ್ಲ. ಎದುರು ಕೂತಿದ್ದಾಗ ಮುಖ ನೋಡಿದರೆ ಸಾಕಾಗುತ್ತಿತ್ತು. ಅವನು ಸಮುದ್ರದಾಚೆ ಹೋದ ಮೇಲೂ ಹಾಗೇ ಆಡಿದೆ. ನಾಚಿಕೆಯಾಯಿತು.

ಫೋನ್ ಮಾಡಿದೆ. ತಕ್ಷಣ ಎತ್ತಿದ.

“ತಪ್ಪು ನನ್ನದು ಭವಿತ್. ನಾನು ಕೇಳ್ಬೇಕಿತ್ತು. ನಿನ್ನ ಹಡಗು ಉಳೀತದೆ.”

ಅವನು ನಕ್ಕ. “ಶುಕೂರ್, ಅದನ್ನು ಇನ್ನೂ ತಲೇಲಿ ಇಟ್ಕೊಂಡಿದ್ದೀಯಾ? ನಾನು ಇಲ್ಲಿ ರೂಮಿನವರಿಗೆ ಆಟ ಕಲಿಸಿದೆ ಮಾರಾಯ. ನಾಲ್ಕು ಜನ ಆಡ್ತೇವೆ. ಈಗಲೂ ನಡೀತಾ ಉಂಟು.”

ಹಿಂದಿನಿಂದ ಯಾರೋ ಅವನನ್ನು ಕರೆದರು. ಅವನಿಗೆ ಸಿಟ್ಟಿದ್ದಿದ್ದರೆ ಸಮಾಧಾನ ಮಾಡಬಹುದಿತ್ತು. ಸಿಟ್ಟೇ ಇರಲಿಲ್ಲ.

“ನನ್ನನ್ನೂ ಸೇರಿಸ್ತೀಯಾ?” ಎಂದು ಕೇಳಿಯೇಬಿಟ್ಟೆ.

“ಇವರ ಹತ್ರ ಕೇಳಿ ಹೇಳ್ತೇನೆ,” ಅಂದ.

ಮೂರು ಶುಕ್ರವಾರ ಕಳೆಯಿತು, ಅವನ ಫೋನ್ ಬರಲಿಲ್ಲ. ಕೇಳಲು ಮರೆತಿರಬಹುದು. ಕೇಳಿದ್ದೂ ಇರಬಹುದು.