ದೀಪದ ಕೆಳಗಿನ ನೀಲಿ

ಮಗಳ ಪ್ರಯೋಗಾಲಯದಲ್ಲಿ ಗಾಜಿನ ಲೋಟದೊಳಗಿನ ನೀಲಿ ನೀರು ತಿಳಿಯಾದದ್ದನ್ನು ನೋಡಿ ಅಮ್ಮ ಹಿಗ್ಗಲಿಲ್ಲ. ಇಪ್ಪತ್ತೆರಡು ವರ್ಷ ಬಣ್ಣದ ಕಾರ್ಖಾನೆಯಲ್ಲಿ ನೂಲು ಅದ್ದಿದವಳು. ಬಣ್ಣ ಹೋಯಿತೆಂದರೆ ಅಷ್ಟು ಸುಲಭಕ್ಕೆ ನಂಬುವ ಪೈಕಿಯಲ್ಲ. ಮಗಳು ಮೂರು ವರ್ಷ ಮಣ್ಣು ಕಲಸಿ, ಸುಟ್ಟು ಮಾಡಿದ ಬಿಲ್ಲೆ ದೀಪದ ಕೆಳಗೆ, ನೀರಿನ ತಳದಲ್ಲಿ ಬೆಳ್ಳಗೆ ಕೂತಿತ್ತು. ಬೆಳಕು ಬಿದ್ದರೆ ಬಿಲ್ಲೆಯೇ ಬಣ್ಣವನ್ನು ಒಡೆದುಹಾಕುತ್ತದೆ ಎಂದು ಅವಳು ಬಿಡಿಸಿ ಹೇಳಿದಳು. ಇನ್ನರ್ಧ ಗಂಟೆಗೆ ಅದೇ ಕಾರ್ಖಾನೆಯ ಮಾಲೀಕರು, ತಮ್ಮ ಬಣ್ಣದ ನೀರನ್ನು ಈ ಬಿಲ್ಲೆಗಳಿಂದ ತಿಳಿಗೊಳಿಸುವ ಒಪ್ಪಂದಕ್ಕೆ ಸಹಿ ಹಾಕಲು ಬರುವವರಿದ್ದರು. ಮನೆ ಹಿಂದಿನ ಕಾಲುವೆ ದಿನಕ್ಕೊಂದು ಬಣ್ಣದಲ್ಲಿ ಹರಿಯುವುದು ಇನ್ನು ನಿಲ್ಲುತ್ತದೆ ಎಂದು ತೋರಿಸಲೆಂದೇ ಅಮ್ಮನನ್ನು ಕರೆದಿದ್ದಳು.

"ಇದಕ್ಕೆ ಮೆರುಗು ಹಾಕಿಲ್ಲ ಅಲ್ವಾ?" ಎಂದಳು ಅಮ್ಮ. "ಇಂಥ ಮಡಕೇಲಿ ಬಣ್ಣ ಇಟ್ರೆ ಅರ್ಧ ಮಡಕೇನೇ ಕುಡಿದುಬಿಡುತ್ತೆ. ಕತ್ತಲೇಲಿ ಇಟ್ಟು ನೋಡಿದ್ಯಾ?"

ನೋಡಿದ್ದಳು, ಮೊದಲ ವರ್ಷ. ಆಗ ಕತ್ತಲಲ್ಲಿ ನೀರು ನೀಲಿಯಾಗಿಯೇ ಉಳಿದಿತ್ತು. ಆಮೇಲೆ ನೀರು ಚೆನ್ನಾಗಿ ತಾಕಲಿ ಎಂದು ಮಣ್ಣಿಗೆ ಮರದ ಹೊಟ್ಟು ಬೆರೆಸಿದಳು. ಸುಡುವಾಗ ಹೊಟ್ಟು ಉರಿದುಹೋಗಿ ಬಿಲ್ಲೆಯ ತುಂಬ ಸಣ್ಣ ತೂತುಗಳಾದವು, ಫಲಿತಾಂಶ ಒಮ್ಮೆಲೇ ಏರಿತು. ಆ ಖುಷಿಯಲ್ಲಿ ಕತ್ತಲೆಯ ಪರೀಕ್ಷೆ ಮತ್ತೆ ಮಾಡಿರಲೇ ಇಲ್ಲ.

ಅವಳು ಬಿಲ್ಲೆಗಳ ಡಬ್ಬಿ ತೆರೆದಳು. ಹೊಸ ಬಿಲ್ಲೆಯೊಂದನ್ನು ನೀಲಿ ನೀರಿಗೆ ಹಾಕಿ ಬೀರುವಿನಲ್ಲಿಟ್ಟು ಬಾಗಿಲು ಮುಚ್ಚಿದಳು. ಆಮೇಲಿನ ನಲವತ್ತು ನಿಮಿಷ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡಿದ್ದೇ ಓಡಾಡಿದ್ದು. ತೊಳೆದ ಲೋಟಗಳನ್ನೇ ಮತ್ತೆ ತೊಳೆದಳು. ಅವಳ ಸಂಶೋಧನೆಯ ಮಾರ್ಗದರ್ಶಕರಾದ ಪ್ರೊಫೆಸರರು, ಮಾಲೀಕರು ಬಂದಿದ್ದಾರೆಂದು ಎರಡು ಸಲ ಫೋನ್ ಮಾಡಿದರು. ಬಂದೆ ಎಂದಳು, ಹೋಗಲಿಲ್ಲ.

ಬೀರು ತೆರೆದಾಗ ನೀರು ತಿಳಿಯಾಗಿತ್ತು. ಬಿಲ್ಲೆ ಕಡುನೀಲಿಯಾಗಿತ್ತು.

ದೀಪದ ಕೆಳಗಿನ ಬಿಳಿ ಬಿಲ್ಲೆಯನ್ನು ಎತ್ತಿ ಎರಡು ಕೈಯಲ್ಲೂ ಹಿಡಿದು ಮುರಿದಳು. ಬೆಳಕು ತಾಗಿದ ಮೇಲ್ಮೈ ಮಾತ್ರ ಉಗುರಿನಷ್ಟು ದಪ್ಪ ಬೆಳ್ಳಗಿತ್ತು. ಒಳಗೆಲ್ಲ ನೀಲಿ. ಬಿಲ್ಲೆ ಬಣ್ಣವನ್ನು ಒಡೆದಿರಲಿಲ್ಲ, ಕುಡಿದಿತ್ತು.

"ನನಗ್ಯಾಕೆ ಬೇಕಿತ್ತು ಈ ಬಾಯಿ," ಎಂದು ಅಮ್ಮ ಹಣೆ ಒತ್ತಿಕೊಂಡಳು. ಆಮೇಲೆ ದನಿ ತಗ್ಗಿಸಿದಳು: "ಡಬ್ಬೀಲಿ ಇನ್ನೊಂದು ಬಿಳೀದು ಇದೆಯಲ್ಲ. ಅದನ್ನೇ ತಗೊಂಡು ಹೋಗು. ನಾನೇನೂ ನೋಡಿಲ್ಲ."

ಅವಳಿಗೆ ಅಮ್ಮನ ಮೇಲೆ ಸಿಟ್ಟು ಬಂತು, ಅಳುವೂ ಬಂತು. ಡಬ್ಬಿಯನ್ನು ಕೈಗೆತ್ತಿಕೊಂಡು, ಮತ್ತೆ ಕೆಳಗಿಟ್ಟಳು.

ಕೆಳಗಿನ ಕೋಣೆಯಲ್ಲಿ ಮಾಲೀಕರು ಪೆನ್ನಿನ ಮುಚ್ಚಳ ತೆಗೆದಿದ್ದರು. ತಡವಾದದ್ದಕ್ಕೆ ಪ್ರೊಫೆಸರರು ನಗುತ್ತಲೇ ಅವಳನ್ನು ಗದರಿದರು. ಅವಳು ಬಿಲ್ಲೆಯ ಎರಡು ಹೋಳುಗಳನ್ನೂ ಒಪ್ಪಂದದ ಕಾಗದದ ಮೇಲಿಟ್ಟಳು, ಮುರಿದ ಬದಿ ಕೆಳಗೆ ಮಾಡಿ. ಅವು ಇನ್ನೂ ಒದ್ದೆಯಾಗಿದ್ದವು. ಅವುಗಳ ಸುತ್ತ ನೀಲಿ ನಿಧಾನವಾಗಿ ಹರಡುತ್ತ, ಸಹಿಗೆಂದು ಬಿಟ್ಟ ಜಾಗದ ಕಡೆ ಸಾಗಿತು.